ಕರೆದು ತಂದರು ಸರಿ, ಮಣೆ ಹಾಕಿದ್ದರೇ? ಟ್ರೇಡ್ ಆದ ಐಸ್ ಹಾಕಿ ಸೆಂಟರ್‌ನನ್ನು ಅಳೆಯುವ ಬಗೆ

ಪಿಯರ್-ಲುಕ್ ಡುಬ್ವಾ ಅವರ ಎರಡು ಸೀಸನ್‌ಗಳ ಲೆಕ್ಕವನ್ನು ಅಕ್ಕಪಕ್ಕ ಇಟ್ಟು ನೋಡಿ. 2023-24ರಲ್ಲಿ ಲಾಸ್ ಏಂಜಲೀಸ್ ಕಿಂಗ್ಸ್ ಪರ 82 ಪಂದ್ಯ, 16 ಗೋಲು, ಒಟ್ಟು 40 ಪಾಯಿಂಟ್ (ಹೊಡೆದ ಗೋಲಿಗೂ, ಗೋಲಿಗೆ ನೆರವಾದ ಅಸಿಸ್ಟ್‌ಗೂ ಒಂದೊಂದು). ಮರುವರ್ಷ ವಾಷಿಂಗ್ಟನ್ ಕ್ಯಾಪಿಟಲ್ಸ್ ಪರ ಅಷ್ಟೇ 82 ಪಂದ್ಯ, 20 ಗೋಲು, 66 ಪಾಯಿಂಟ್. ಅವರ ಜೀವನದಲ್ಲೇ ಅಲ್ಲಿಯವರೆಗಿನ ಅತಿ ಹೆಚ್ಚು. ಆಟಗಾರ ಅದೇ, ವರ್ಷಕ್ಕೆ 85 ಲಕ್ಷ ಡಾಲರ್ ಒಪ್ಪಂದವೂ ಅದೇ. ಲಾಸ್ ಏಂಜಲೀಸಿನಲ್ಲಿ ‘ದಂಡಪಿಂಡ’ ಎನಿಸಿಕೊಂಡವರು ಹನ್ನೆರಡು ತಿಂಗಳಲ್ಲಿ ಇನ್ನೊಂದು ಊರಿನ ಕಣ್ಮಣಿಯಾದರು.

ಇದು ಆಟಗಾರ ರಾತ್ರೋರಾತ್ರಿ ಸುಧಾರಿಸಿದ ಕಥೆಯಲ್ಲ. ಟ್ರೇಡ್ ಆದ, ಅಂದರೆ ತಂಡಗಳು ತಮ್ಮೊಳಗೆ ಅದಲುಬದಲು ಮಾಡಿಕೊಂಡ, ಸೆಂಟರ್‌ನನ್ನು ನೋಡುವಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆ ‘ಇವನು ಒಳ್ಳೆಯ ಆಟಗಾರನೇ’ ಎಂಬುದಲ್ಲ. ‘ಇವನಿಗೆ ಅಲ್ಲಿ ಮಣೆ ಹಾಕಿದ್ದರೇ, ಹಾಕಿದ್ದರೆ ಪಂಕ್ತಿಯಲ್ಲಿ ಎಷ್ಟನೆಯದು’ ಎಂಬುದು. ಆ ಪ್ರಶ್ನೆಗೆ ಉತ್ತರ ಹುಡುಕುವ ದಾರಿಯನ್ನೇ ಇಲ್ಲಿ ಹೇಳುತ್ತಿದ್ದೇನೆ.

ಹಾಕಿ ಎಂದ ಕೂಡಲೇ ನಮ್ಮವರ ಕಣ್ಣಮುಂದೆ ಬರುವುದು ಟರ್ಫ್, ಇಲ್ಲವೇ ಕೊಡಗಿನ ಮೈದಾನ. ನಾನು ಹೇಳುತ್ತಿರುವುದು ಮಂಜುಗಡ್ಡೆಯ ಮೇಲಿನ ಹಾಕಿ, ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗ್. (1997ರಲ್ಲಿ ಶುರುವಾದ ಕೊಡವ ಹಾಕಿ ಹಬ್ಬದಲ್ಲಿ ತಂಡ ಎಂದರೆ ಒಕ್ಕ. ಅಲ್ಲಿ ಟ್ರೇಡ್ ಎಂಬ ಮಾತೇ ಇಲ್ಲ. ಮನೆತನ ಬಿಟ್ಟು ಎಲ್ಲಿಗೆ ಹೋಗುತ್ತೀರಿ?) ಕೆಲಸದ ಮೇಲೆ ಎರಡು ವರ್ಷ ಸ್ಯಾನ್ ಹೊಸೆಯಲ್ಲಿದ್ದಾಗ ಹತ್ತಿದ ಗೀಳು, ಬೆಂಗಳೂರಿಗೆ ಮರಳಿದ ಮೇಲೂ ಬಿಟ್ಟಿಲ್ಲ. ಚಳಿಗಾಲದಲ್ಲಿ ಅಲ್ಲಿನ ಪೂರ್ವ ಕರಾವಳಿಯ ಸಂಜೆ 7ರ ಪಂದ್ಯ ನಮಗೆ ಬೆಳಗಿನ 5.30ಕ್ಕೆ. ಹಾಲಿನವನು ಬೆಲ್ ಮಾಡುವಷ್ಟರಲ್ಲಿ ಮೊದಲ ಪೀರಿಯಡ್ ಮುಗಿದಿರುತ್ತದೆ.

ಸೆಂಟರ್ ಎಂದರೆ ಯಾರು

ಹೊಸಬರಿಗೆ ಎರಡು ಮಾತು. ಮಂಜಿನ ಮೇಲೆ ಒಂದು ತಂಡದ ಆರು ಜನ: ಗೋಲಿ (ಗೋಲ್‌ಕೀಪರ್), ಇಬ್ಬರು ಡಿಫೆನ್ಸ್, ಮೂವರು ಫಾರ್ವರ್ಡ್. ಆ ಮೂವರಲ್ಲಿ ನಡುವಿನವನು ಸೆಂಟರ್, ಎಡಬಲದವರು ವಿಂಗರ್. ಇಂಥ ಮೂವರ ಗುಂಪಿಗೆ ಲೈನ್ ಎನ್ನುತ್ತಾರೆ. ಒಂದು ತಂಡಕ್ಕೆ ನಾಲ್ಕು ಲೈನ್. ಒಬ್ಬೊಬ್ಬರೂ ಮುಕ್ಕಾಲು ನಿಮಿಷದಷ್ಟು ಜೀವ ಬಿಟ್ಟು ಓಡಿ ಬೆಂಚಿಗೆ ಮರಳುತ್ತಾರೆ, ಮುಂದಿನ ಲೈನ್ ಇಳಿಯುತ್ತದೆ. ಆ ಒಂದು ಸರದಿಗೆ ಶಿಫ್ಟ್ ಎಂದು ಹೆಸರು.

ನಮ್ಮ ಹಳೆಯ ಹಾಕಿಯ ಭಾಷೆಯಲ್ಲಿ ಹೇಳುವುದಾದರೆ ಐಸ್ ಹಾಕಿಯ ಸೆಂಟರ್ ಅರ್ಧ ಸೆಂಟರ್ ಫಾರ್ವರ್ಡ್, ಅರ್ಧ ಸೆಂಟರ್ ಹಾಫ್. ಪಕ್ (ಚೆಂಡಿನ ಬದಲಿಗೆ ಬಳಸುವ ರಬ್ಬರ್ ಬಿಲ್ಲೆ) ಬೀಳಿಸಿದಾಗ ಎದುರಾಳಿ ಸೆಂಟರ್ ಜತೆ ಅದಕ್ಕಾಗಿ ಸೆಣಸುವ ಫೇಸ್‌ಆಫ್ ಆಡುವವನು ಅವನೇ. ಸ್ವಂತ ಗೋಲಿನ ಮುಂದೆ ಡಿಫೆನ್ಸ್‌ಗೆ ಮೂರನೆಯ ಕೈ ಅವನೇ. ಅಲ್ಲಿಂದ ಪಕ್ಕನ್ನು ನಡುದಾರಿಯಲ್ಲಿ ಮೇಲಕ್ಕೆ ಒಯ್ಯುವವನೂ ಹೆಚ್ಚಾಗಿ ಅವನೇ. ಹಾಗಾಗಿಯೇ ವಿಂಗರ್ ಟ್ರೇಡ್ ಆದರೆ ಒಂದು ಲೈನ್ ಬದಲಾಗುತ್ತದೆ, ಸೆಂಟರ್ ಟ್ರೇಡ್ ಆದರೆ ಇಡೀ ಪಂಕ್ತಿಯೇ ಸರಿದು ಕೂರುತ್ತದೆ.

ಹೆಜ್ಜೆ 1: ಸುದ್ದಿ ಬಂದ ದಿನ ಪಂಕ್ತಿ ಬರೆದುಕೊಳ್ಳಿ

ಟ್ರೇಡ್ ಸುದ್ದಿ ಬಂದ ಹೊತ್ತಿಗೆ ಹೊಡೆದ ಗೋಲುಗಳ ವಿಡಿಯೋ ನೋಡುವುದನ್ನು ಬಿಡಿ. ಒಂದು ಹಾಳೆ ತೆಗೆದುಕೊಳ್ಳಿ. ಹೊಸ ತಂಡದ ನಾಲ್ಕು ಸೆಂಟರ್‌ಗಳ ಹೆಸರು ಒಂದರ ಕೆಳಗೊಂದು ಬರೆಯಿರಿ. ಪ್ರತಿ ಹೆಸರಿನ ಪಕ್ಕ ವಯಸ್ಸು, ಒಪ್ಪಂದದಲ್ಲಿ ಉಳಿದ ವರ್ಷ, ಎಡಗೈಯೋ ಬಲಗೈಯೋ, ಪವರ್ ಪ್ಲೇಯ (ಎದುರಾಳಿಯಲ್ಲಿ ಒಬ್ಬ ಶಿಕ್ಷೆಗೆ ಹೊರಗಿರುವ ಹೊತ್ತು) ಮೊದಲ ಗುಂಪಿನಲ್ಲಿ ಇದ್ದಾನೋ, ಪೆನಾಲ್ಟಿ ಕಿಲ್‌ಗೆ (ತನ್ನವನೊಬ್ಬ ಹಾಗೆ ಹೊರಗಿರುವಾಗ ಗೋಲು ಕಾಯುವುದು) ಇಳಿಯುತ್ತಾನೋ, ಒಂದು ಗೋಲು ಮುಂದಿದ್ದಾಗ ಕೊನೆಯ ನಿಮಿಷ ಯಾರಿಗೆ ಕೊಡುತ್ತಾರೆ, ಇಷ್ಟು ಇರಲಿ. ಆಮೇಲೆ ಹೊಸಬನ ಹೆಸರನ್ನು ಎಲ್ಲಿ ಸೇರಿಸುತ್ತೀರಿ ನೋಡಿ. ಯಾರನ್ನೂ ಎಬ್ಬಿಸದೆ ಸೇರಿಸಲು ಆಗುತ್ತದೆಯೇ?

ಡುಬ್ವಾ ವಿಷಯದಲ್ಲಿ ಈ ಹಾಳೆ ಅರ್ಧ ಕಥೆ ಹೇಳಿಬಿಡುತ್ತಿತ್ತು. 2023ರ ಜೂನ್‌ನಲ್ಲಿ ಅವರು ವಿನಿಪೆಗ್ ಜೆಟ್ಸ್‌ನಿಂದ ಲಾಸ್ ಏಂಜಲೀಸಿಗೆ ಬಂದಾಗ ಅಲ್ಲಿ ಮೊದಲ ಮಣೆಯಲ್ಲಿ ಅಂಜೆ ಕೊಪಿಟಾರ್. ನಾಯಕ, ರಕ್ಷಣೆಯಲ್ಲಿ ಶ್ರೇಷ್ಠ ಫಾರ್ವರ್ಡ್‌ಗೆ ಕೊಡುವ ಸೆಲ್ಕಿ ಪ್ರಶಸ್ತಿಯನ್ನು ಎರಡು ಬಾರಿ ಗೆದ್ದವರು. ಎರಡನೆಯ ಮಣೆಯಲ್ಲಿ ಫಿಲಿಪ್ ಡನೋ, ಎದುರಾಳಿಯ ದೊಡ್ಡ ಲೈನ್‌ಗಳನ್ನು ಕಟ್ಟಿಹಾಕುವುದಕ್ಕೆಂದೇ 2021ರಲ್ಲಿ ಆರು ವರ್ಷಕ್ಕೆ ಕರೆತಂದವರು. ಕೊಪಿಟಾರ್‌ಗೆ ವಯಸ್ಸಾಗುತ್ತಿದೆ, ಉತ್ತರಾಧಿಕಾರಿ ಬೇಕು ಎಂಬ ಲೆಕ್ಕ ತಪ್ಪೇನಲ್ಲ. ಆದರೆ ಟ್ರೇಡ್ ಆದ ಮರುತಿಂಗಳೇ ಕೊಪಿಟಾರ್ ಇನ್ನೆರಡು ವರ್ಷಕ್ಕೆ ಸಹಿ ಹಾಕಿದರು, ಆ ಸೀಸನ್‌ನಲ್ಲಿ 70 ಪಾಯಿಂಟ್ ಗಳಿಸಿದರು. ಯಜಮಾನರು ಮಣೆ ಬಿಟ್ಟು ಏಳಲೇ ಇಲ್ಲ. ಡುಬ್ವಾ ಹೆಚ್ಚಾಗಿ ಮೂರನೆಯ ಲೈನ್‌ನಲ್ಲಿ ಉಳಿದರು.

ವಾಷಿಂಗ್ಟನ್ನಿನಲ್ಲಿ ತದ್ವಿರುದ್ಧ. ಹದಿನಾರು ವರ್ಷ ನಡುವಿನ ಜಾಗ ಹಿಡಿದಿದ್ದ ನಿಕ್ಲಾಸ್ ಬ್ಯಾಕ್‌ಸ್ಟ್ರಮ್ ಸೊಂಟದ ನೋವಿನಿಂದ 2023ರ ನವೆಂಬರ್‌ನಲ್ಲಿ ಆಟದಿಂದ ಹಿಂದೆ ಸರಿದರು. ಎವ್ಗೆನಿ ಕುಜ್ನೆಟ್ಸೊವ್ 2024ರ ಮಾರ್ಚ್‌ನಲ್ಲಿ ಕ್ಯಾರೊಲಿನಾಕ್ಕೆ ಟ್ರೇಡ್ ಆದರು. ಎರಡು ಮಣೆ ಖಾಲಿ. ಡಿಲನ್ ಸ್ಟ್ರೋಮ್, ತಂಡದ ನಾಯಕ ಅಲೆಕ್ಸ್ ಒವೆಚ್ಕಿನ್ ಜತೆಗೆ ಕುಳಿತರು, ಇನ್ನೊಂದು ಮಣೆ ಡುಬ್ವಾಗಾಗಿ ಕಾಯುತ್ತಿತ್ತು.

ಕೆಲವೊಮ್ಮೆ ಖಾಲಿ ಮಣೆ ಬರಿಗಣ್ಣಿಗೇ ಕಾಣುತ್ತದೆ. ಸೇಂಟ್ ಲೂಯಿಸ್ ಬ್ಲೂಸ್ 2018ರ ಫೆಬ್ರವರಿಯಲ್ಲಿ ಪಾಲ್ ಸ್ಟಾಸ್ನಿ ಅವರನ್ನು ಬಿಟ್ಟುಕೊಟ್ಟಾಗಲೇ ನಡುವೆ ಒಂದು ಹೊಂಡ ಬಿದ್ದಿತ್ತು. ಜುಲೈ 1ರಂದು ಬಫಲೋ ಸೇಬರ್ಸ್‌ನಿಂದ ರಯಾನ್ ಓರೈಲಿ ಬಂದದ್ದು ಆ ಹೊಂಡಕ್ಕೆ. ಕೈಬಿಟ್ಟದ್ದು ಮೂವರು ಆಟಗಾರರು ಮತ್ತು ಎರಡು ಡ್ರಾಫ್ಟ್ ಪಿಕ್ (ಹೊಸ ಹುಡುಗರನ್ನು ಆರಿಸಿಕೊಳ್ಳುವ ಸರದಿ). ನಾನು ಅವತ್ತು ಪಂಕ್ತಿ ಬರೆಯಲಿಲ್ಲ, ತಲೆ ಎಣಿಸಿದೆ: ಐದಕ್ಕೆ ಒಂದು! ಬಫಲೋ ಗೆದ್ದಿತು ಎಂದು ಗೆಳೆಯನ ಜತೆ ಮಸಾಲೆ ದೋಸೆ ಬಾಜಿ ಕಟ್ಟಿದೆ. ಹನ್ನೊಂದೂವರೆ ತಿಂಗಳ ನಂತರ ಬ್ಲೂಸ್ ತನ್ನ ಇತಿಹಾಸದ ಮೊದಲ ಸ್ಟ್ಯಾನ್ಲಿ ಕಪ್, ಅಂದರೆ ಲೀಗ್ ಚಾಂಪಿಯನ್‌ಗೆ ಸಿಗುವ ಕಪ್, ಎತ್ತಿತು. ಓರೈಲಿ ಪ್ಲೇಆಫ್‌ನ ಶ್ರೇಷ್ಠ ಆಟಗಾರ, ಅದೇ ವರ್ಷ ಸೆಲ್ಕಿ ಪ್ರಶಸ್ತಿಯೂ ಅವರದೇ. ದೋಸೆ ಕೊಡಿಸಿದೆ.

ಹೆಜ್ಜೆ 2: ನಿಮಿಷಗಳನ್ನು ಒಡೆದು ನೋಡಿ

ಪಂದ್ಯಕ್ಕೆ ಒಟ್ಟು ಎಷ್ಟು ನಿಮಿಷ ಎಂಬುದು ಎಲ್ಲರಿಗೂ ಸಿಗುವ ಅಂಕಿ. ಅದನ್ನು ಮೂರು ಭಾಗ ಮಾಡಿ: ಗೋಲಿ ಬಿಟ್ಟು ಐದಕ್ಕೆ ಐದು ಜನ ಆಡುವಾಗಿನದು, ಪವರ್ ಪ್ಲೇಯದು, ಪೆನಾಲ್ಟಿ ಕಿಲ್‌ನದು. ಎನ್‌ಎಚ್‌ಎಲ್ ತಾಣದಲ್ಲೇ ಪ್ರತಿ ಪಂದ್ಯದ ವರದಿಯಲ್ಲಿ ಇದು ಸಿಗುತ್ತದೆ. ನ್ಯಾಚುರಲ್ ಸ್ಟಾಟ್ ಟ್ರಿಕ್, ಮನಿಪಕ್ ಎಂಬ ತಾಣಗಳಲ್ಲಿ ಇನ್ನೂ ಬಿಡಿಸಿ ಕೊಡುತ್ತಾರೆ.

ಯಾಕೆ ಒಡೆಯಬೇಕು? ಹಳೆಯ ತಂಡದಲ್ಲಿ ಮೊದಲ ಪವರ್ ಪ್ಲೇಯಲ್ಲಿದ್ದವನನ್ನು ಹೊಸ ತಂಡ ಎರಡನೆಯದಕ್ಕೆ ಹಾಕಿದರೆ ಅವನ ಪಾಯಿಂಟ್ ಕುಸಿಯುವುದು ಖಂಡಿತ. ಎದುರಾಳಿ ಒಬ್ಬ ಕಡಿಮೆ ಇರುವಾಗಿನ ಆ ಎರಡು ನಿಮಿಷದಲ್ಲಿ ಒಂದೂವರೆ ನಿಮಿಷವನ್ನು ಮೊದಲ ಗುಂಪೇ ತಿಂದುಬಿಡುತ್ತದೆ. ಎರಡನೆಯವರಿಗೆ ಎಲೆಯ ತುದಿಯ ಉಪ್ಪಿನಕಾಯಿ.

ಒಂದು ಸಣ್ಣ ಲೆಕ್ಕ ಮಾಡಿ ತೋರಿಸುತ್ತೇನೆ. ಒಬ್ಬ ಸೆಂಟರ್ 20 ಪಂದ್ಯದಲ್ಲಿ ಪಂದ್ಯಕ್ಕೆ 15 ನಿಮಿಷದಂತೆ ಆಡಿ 12 ಪಾಯಿಂಟ್ ಗಳಿಸಿದ ಎಂದುಕೊಳ್ಳಿ. ಒಟ್ಟು 300 ನಿಮಿಷ, ಅಂದರೆ 5 ಗಂಟೆ. ಗಂಟೆಗೆ 2.4. ಇನ್ನೊಬ್ಬ ಅಷ್ಟೇ ಪಂದ್ಯ, ಅಷ್ಟೇ ಪಾಯಿಂಟ್, ಆದರೆ 18 ನಿಮಿಷದಂತೆ: 6 ಗಂಟೆ, ಗಂಟೆಗೆ 2. ಪತ್ರಿಕೆಯಲ್ಲಿ ಇಬ್ಬರೂ ಒಂದೇ. ಹಾಳೆಯಲ್ಲಿ ಅಲ್ಲ. ಡುಬ್ವಾಗೆ ಲಾಸ್ ಏಂಜಲೀಸಿನಲ್ಲಿ ಸಿಕ್ಕಿದ್ದು ಪಂದ್ಯಕ್ಕೆ 16 ನಿಮಿಷದ ಒಳಗೆ. ವಾಷಿಂಗ್ಟನ್ನಿನಲ್ಲಿ ಅದು 17 ದಾಟಿತು. ಆದರೆ ನಿಮಿಷ ಹೆಚ್ಚಿದ್ದರಿಂದಲೇ 40 ಇದ್ದದ್ದು 66 ಆಗುವುದಿಲ್ಲ. ಗಂಟೆಯ ಲೆಕ್ಕವೂ ಏರಿತ್ತು. ಅಂದರೆ ಬೇರೇನೋ ಬದಲಾಗಿದೆ, ಹುಡುಕಬೇಕು.

ಹೆಜ್ಜೆ 3: ಯಾರ ಎದುರಿಗೆ ಬಿಡುತ್ತಾರೆ

ಇದಕ್ಕೆ ಒಂದು ಸುಲಭದ ಉಪಾಯವಿದೆ. ಆಟ ನಿಂತಾಗ ಆಟಗಾರರನ್ನು ಕೊನೆಗೆ ಬದಲಿಸುವ ಹಕ್ಕು ತವರು ತಂಡದ ಕೋಚ್‌ಗೆ. ಎದುರಾಳಿ ಯಾವ ಲೈನ್ ಇಳಿಸಿದೆ ಎಂದು ನೋಡಿಕೊಂಡು ಅವನು ತನ್ನವರನ್ನು ಕಳಿಸುತ್ತಾನೆ. ಆದ್ದರಿಂದ ಕೋಚ್‌ನ ಮನಸ್ಸು ತಿಳಿಯಬೇಕಿದ್ದರೆ ತವರಿನ ಪಂದ್ಯಗಳನ್ನೇ ನೋಡಿ. ಎದುರಾಳಿಯ ದೊಡ್ಡ ಲೈನ್ ಇಳಿದ ಕೂಡಲೇ ನಿಮ್ಮ ಸೆಂಟರ್ ಬೇಲಿ ಹಾರಿ ಬಂದರೆ ಕೋಚ್ ಅವನನ್ನು ನಂಬಿದ್ದಾನೆ. ಅವನು ಕೂತೇ ಇದ್ದು, ಎದುರಾಳಿಯ ನಾಲ್ಕನೆಯ ಲೈನ್ ಬಂದಾಗ ಇಳಿದರೆ ಅವನ ಪಾಯಿಂಟ್‌ಗಳನ್ನು ಸ್ವಲ್ಪ ತೂಕ ಇಳಿಸಿ ಓದಿ.

ವಾಷಿಂಗ್ಟನ್ ಕೋಚ್ ಸ್ಪೆನ್ಸರ್ ಕಾರ್ಬೆರಿ ಡುಬ್ವಾ ಅವರ ಲೈನ್‌ಗೆ ಈ ಭಾರದ ಕೆಲಸವನ್ನೇ ಕೊಟ್ಟರು. ಎದುರಾಳಿಯ ಹುಲಿಗಳನ್ನು ನೀನು ನೋಡಿಕೋ, ಸ್ಟ್ರೋಮ್-ಒವೆಚ್ಕಿನ್ ಸ್ವಲ್ಪ ಹಗುರವಾಗಿ ಆಡಲಿ ಎಂಬ ಹಂಚಿಕೆ. ಲಾಸ್ ಏಂಜಲೀಸಿನಲ್ಲಿ ಈ ಕೆಲಸಕ್ಕೆ ಕೊಪಿಟಾರ್, ಡನೋ ಇಬ್ಬರೂ ಇದ್ದರಲ್ಲ. ಕಷ್ಟದ ಕೆಲಸ ಕೊಟ್ಟ ಮೇಲೆ ಪಾಯಿಂಟ್ ಕಡಿಮೆಯಾಗಬೇಕಿತ್ತು, ಹೆಚ್ಚಾಯಿತು. ಆ 66ರ ತೂಕ ನನಗೆ ಇನ್ನೂ ಹೆಚ್ಚಾಗಿ ಕಾಣುವುದು ಇದಕ್ಕೇ.

ಶಿಫ್ಟ್ ಯಾವ ತುದಿಯಲ್ಲಿ ಶುರುವಾಯಿತು ಎಂಬ ಅಂಕಿಯನ್ನೂ ಕೊಡುತ್ತಾರೆ. ಅದಕ್ಕೆ ಜೋತು ಬೀಳಬೇಡಿ. ಬಹುಪಾಲು ಶಿಫ್ಟ್‌ಗಳು ಆಟ ನಡೆಯುತ್ತಿರುವಾಗಲೇ ಶುರುವಾಗುತ್ತವೆ, ಆ ಲೆಕ್ಕಕ್ಕೆ ಸೇರುವುದೇ ಇಲ್ಲ.

ಹೆಜ್ಜೆ 4: ಪಕ್ ಬಿಡಿ, ಮನುಷ್ಯನನ್ನು ನೋಡಿ

ಎಲ್ಲಕ್ಕಿಂತ ಹೆಚ್ಚು ಕಲಿಯುವುದು ಇಲ್ಲೇ. ಇದಕ್ಕೆ ಅಂಕಿಗಳ ಗೊಡವೆ ಬೇಡ. ಒಂದು ಪಂದ್ಯದಲ್ಲಿ ಹತ್ತು ಶಿಫ್ಟ್, ಕಣ್ಣು ಅವನೊಬ್ಬನ ಮೇಲೆ. ಪಕ್ ಎಲ್ಲಿಗಾದರೂ ಹೋಗಲಿ.

ಸ್ವಂತ ತುದಿಯಲ್ಲಿ ಪಕ್ ಮೂಲೆಗೆ ಹೋಯಿತು ಎನ್ನಿ. ಒಬ್ಬ ಡಿಫೆನ್ಸ್ ಬೋರ್ಡಿಗೆ ಒತ್ತಿಕೊಂಡು ಕಾದಾಡುತ್ತಿದ್ದಾನೆ. ಇನ್ನೊಬ್ಬ ಗೋಲಿನ ಮುಂದೆ. ಸೆಂಟರ್ ಎಲ್ಲಿದ್ದಾನೆ? ಮೂಲೆಗೂ ಗೋಲಿಗೂ ನಡುವೆ, ಕೋಲಿನ ಅಲಗು ಮಂಜಿಗೆ ತಾಗಿಸಿ, ಪಾಸ್ ಬರುವ ದಾರಿ ಮುಚ್ಚಿಕೊಂಡು ಇರಬೇಕು. ಈಗ ಅವನ ತಲೆ ನೋಡಿ. ಪಕ್ ಅವನ ಹತ್ತಿರ ಬರುವ ಮೊದಲು ಎಷ್ಟು ಸಲ ಭುಜದ ಮೇಲಿಂದ ಹಿಂದೆ ತಿರುಗಿ ನೋಡಿದ? ಒಳ್ಳೆಯ ಸೆಂಟರ್ ನಾಲ್ಕು ಸೆಕೆಂಡಿನಲ್ಲಿ ಎರಡು ಸಲವಾದರೂ ನೋಡಿರುತ್ತಾನೆ. ಬೆನ್ನ ಹಿಂದೆ ನುಸುಳುತ್ತಿರುವ ವಿಂಗರ್ ಯಾರು, ತನ್ನವನು ಬೋರ್ಡಿನ ಪಕ್ಕ ಸಿದ್ಧನಿದ್ದಾನೋ ಎಂದು ಅವನಿಗೆ ಮೊದಲೇ ಗೊತ್ತಿರುತ್ತದೆ. ಡಿಫೆನ್ಸ್ ಪಕ್ ಗೆದ್ದ ಕ್ಷಣ ಅವನು ಕೆಳಗೆ ಅರ್ಧಚಂದ್ರದಂತೆ ಸುತ್ತಿ ಬಂದು ಗಿಡ್ಡ ಪಾಸ್‌ಗೆ ಕೋಲು ಒಡ್ಡುತ್ತಾನೆ. ಅಲ್ಲಿಂದ ಒಂದೇ ಸ್ಪರ್ಶಕ್ಕೆ ಪಕ್ ಹೊರಗೆ.

ಹೊಸ ತಂಡಕ್ಕೆ ಬಂದವನು ಎಡವುವುದು ಈ ಹತ್ತು ಸೆಕೆಂಡಿನಲ್ಲೇ. ಹಳೆಯ ತಂಡ ಜಾಗ ಕಾಯುವ ಪದ್ಧತಿಯದ್ದಾಗಿದ್ದರೆ ಸೆಂಟರ್ ಕೆಳಗೇ ಇರುತ್ತಿದ್ದ. ಹೊಸ ತಂಡ ಆಳಿಗೆ ಆಳು ಹಿಡಿಯುವ ಪದ್ಧತಿಯದ್ದಾದರೆ ತನ್ನವನನ್ನು ಬೆನ್ನಟ್ಟಿ, ಸ್ವಂತ ತುದಿಯ ಅಂಚಿನ ನೀಲಿ ಗೆರೆಯವರೆಗೂ ಹೋಗಬೇಕು. ಮೊದಲ ವಾರಗಳಲ್ಲಿ ಅವನು ಎರಡರ ನಡುವೆ ಅರೆಕ್ಷಣ ನಿಂತುಬಿಡುತ್ತಾನೆ. ಟಿವಿಯಲ್ಲಿ ಅದು ಸೋಮಾರಿತನದ ಹಾಗೆ ಕಾಣುತ್ತದೆ. ನೀವು ಹಾಳೆಯಲ್ಲಿ ಬರೆಯಬೇಕಾದದ್ದು: ‘ನಿಂತ ಕ್ಷಣಗಳು, ಮೊದಲ ಪಂದ್ಯ 5, ಹತ್ತನೆಯ ಪಂದ್ಯ?’ ಆ ಸಂಖ್ಯೆ ಇಳಿಯುತ್ತಿದ್ದರೆ ಹೊಂದಿಕೊಳ್ಳುತ್ತಿದ್ದಾನೆ. ಇಪ್ಪತ್ತೈದನೆಯ ಪಂದ್ಯದಲ್ಲೂ ಅಷ್ಟೇ ಇದ್ದರೆ ಚಿಂತೆ ಮಾಡಿ.

ಪದ್ಧತಿಯ ಮಾತಿಗೆ ಇನ್ನೊಂದು. ಆಗಿನ ಲಾಸ್ ಏಂಜಲೀಸ್ 1-3-1 ಎಂಬ ಕಾಯುವ ಆಟಕ್ಕೆ ಹೆಸರಾಗಿತ್ತು. ಒಬ್ಬ ಮುಂದೆ, ಮೂವರು ನಡುವೆ ಅಡ್ಡಕ್ಕೆ, ಒಬ್ಬ ಹಿಂದೆ. ಎದುರಾಳಿ ನಡುಮೈದಾನದಲ್ಲಿ ಉಸಿರುಗಟ್ಟಬೇಕು. ದೊಡ್ಡ ಮೈ ಹೊತ್ತು, ಓಟದ ಬಿರುಸಿನಲ್ಲಿ ಗೋಲಿನ ಬಾಯಿಗೆ ನುಗ್ಗುವುದು ಡುಬ್ವಾ ಅವರ ಬಲ. ಕಾಯುವ ತಂಡದಲ್ಲಿ ಆ ಬಿರುಸಿಗೆ ಅವಕಾಶವೇ ಕಡಿಮೆ. ಸಾಲದ್ದಕ್ಕೆ 2024ರ ಫೆಬ್ರವರಿಯಲ್ಲಿ, ಸೀಸನ್ ನಡುವೆಯೇ, ಕೋಚ್ ಕೂಡ ಬದಲಾದರು.

ಒಂದು ಎಚ್ಚರಿಕೆ. ಹತ್ತು ಶಿಫ್ಟ್ ನೋಡಿ ಎಂದೆ, ಒಂದಲ್ಲ. 2021ರ ಜನವರಿಯಲ್ಲಿ ಡುಬ್ವಾ ಕೊಲಂಬಸ್‌ನಲ್ಲಿದ್ದಾಗ, ಟ್ರೇಡ್ ಕೇಳಿಯಾಗಿದ್ದ ದಿನಗಳಲ್ಲಿ, ಟ್ಯಾಂಪಾ ಬೇ ವಿರುದ್ಧ ಒಂದು ಶಿಫ್ಟ್‌ನಲ್ಲಿ ಕಾಲೆಳೆದುಕೊಂಡು ಆಡಿದರು. ಕೋಚ್ ಬೆಂಚಿಗೆ ಕೂರಿಸಿದ್ದು ಕೂರಿಸಿದ್ದೇ. ಆ ರಾತ್ರಿ ನಾಲ್ಕು ನಿಮಿಷವೂ ಆಡಲಿಲ್ಲ, ಎರಡೇ ದಿನಕ್ಕೆ ವಿನಿಪೆಗ್‌ಗೆ ಟ್ರೇಡ್. ಆ ಒಂದು ಶಿಫ್ಟ್‌ನ ವಿಡಿಯೋ ವರ್ಷಗಟ್ಟಲೆ ಅವರ ಬೆನ್ನು ಹತ್ತಿತು. ಲಾಸ್ ಏಂಜಲೀಸಿನಲ್ಲಿ ಏನೇ ಎಡವಟ್ಟಾದರೂ ಜನ ಅದನ್ನೇ ತೆಗೆದು ತೋರಿಸಿ ‘ಇವನ ಹುಟ್ಟುಗುಣ’ ಎಂದರು. ಆ ಹುಟ್ಟುಗುಣ ವಾಷಿಂಗ್ಟನ್ನಿಗೆ ಬರುವಾಗ ಎಲ್ಲಿ ಬಿದ್ದುಹೋಯಿತೋ.

ಹೆಜ್ಜೆ 5: ಫೇಸ್‌ಆಫ್‌ಗೆ ಮರುಳಾಗಬೇಡಿ

ಸೆಂಟರ್ ಎಂದೊಡನೆ ಎಲ್ಲರೂ ಕೇಳುವುದು ಫೇಸ್‌ಆಫ್ ಶೇಕಡಾವಾರು. ಸುಲಭದ ಅಂಕಿ, ಸರಿ-ತಪ್ಪು ಕಾಣುತ್ತದೆ. ಆದರೆ ಇದನ್ನು ಕೇಳಿ: 2017-18ರಲ್ಲಿ ಓರೈಲಿ ಬಫಲೋ ಪರ ನೂರಕ್ಕೆ ಅರವತ್ತರಷ್ಟು ಫೇಸ್‌ಆಫ್ ಗೆದ್ದರು, ಒಟ್ಟು 1,274. ಒಂದೇ ಸೀಸನ್‌ನ ದಾಖಲೆ. ಆ ಸೀಸನ್‌ನಲ್ಲಿ ಬಫಲೋ ಇಡೀ ಲೀಗ್‌ನಲ್ಲಿ ಕಟ್ಟಕಡೆಯ ಸ್ಥಾನ.

ಹಾಗೆಂದು ಪೂರ್ತಿ ಬಿಸಾಡಲೂ ಬೇಡಿ. ಎರಡು ಸಂದರ್ಭ ಮಾತ್ರ ಹೆಕ್ಕಿ ನೋಡಿ. ಒಂದು, ಪೆನಾಲ್ಟಿ ಕಿಲ್‌ನಲ್ಲಿ ಸ್ವಂತ ತುದಿಯ ಫೇಸ್‌ಆಫ್. ಗೆದ್ದರೆ ಪಕ್ ಅತ್ತ ತುದಿಗೆ ಎಸೆದು ಇಪ್ಪತ್ತು ಸೆಕೆಂಡ್ ಉಳಿಸಬಹುದು. ಎರಡು, ಐಸಿಂಗ್ (ಪೂರ್ಣ ಬಲವಿರುವ ತಂಡ ತನ್ನ ಅರ್ಧದಿಂದ ಪಕ್ಕನ್ನು ಎದುರಾಳಿಯ ಗೋಲು ಗೆರೆಯಾಚೆಗೆ ಎಸೆಯುವ ತಪ್ಪು) ಆದ ಮೇಲಿನದು. ಐಸಿಂಗ್ ಮಾಡಿದ ತಂಡ ಆಟಗಾರರನ್ನು ಬದಲಿಸುವಂತಿಲ್ಲ, ಸುಸ್ತಾದವರೇ ನಿಲ್ಲಬೇಕು. ಜತೆಗೆ ತನ್ನ ತುದಿಯಲ್ಲಿ ನಿಂತವನೇ ಮೊದಲು ಕೋಲು ಊರಬೇಕೆಂಬ ನಿಯಮ ಬೇರೆ, ಅನುಕೂಲ ಎದುರಾಳಿಗೆ. ಅಂಥ ಹೊತ್ತಲ್ಲಿ ಅರ್ಧಕ್ಕರ್ಧ ಗೆಲ್ಲುವವನು ನನ್ನ ಲೆಕ್ಕದಲ್ಲಿ ಎದುರಾಳಿ ತುದಿಯ ಅರವತ್ತರವನಿಗಿಂತ ಮೇಲು.

ಎಡಗೈ-ಬಲಗೈ ಬರೆದುಕೊಳ್ಳಿ ಎಂದದ್ದೂ ಇದಕ್ಕೆ. ತಂಡದಲ್ಲಿ ಎಲ್ಲ ಸೆಂಟರ್‌ಗಳೂ ಎಡಗೈಯವರಾಗಿದ್ದು ಹೊಸಬ ಬಲಗೈಯವನಾದರೆ, ಬಲಬದಿಯ ವೃತ್ತದ ಫೇಸ್‌ಆಫ್‌ಗೆಂದೇ ಅವನಿಗೆ ಒಂದಿಷ್ಟು ಶಿಫ್ಟ್ ಗ್ಯಾರಂಟಿ.

ಹೆಜ್ಜೆ 6: ಅಕ್ಕಪಕ್ಕದವರು ಏನಾದರು

ಸೆಂಟರ್‌ನ ಬೆಲೆ ಅವನ ಅಂಕಿಯಲ್ಲಿ ಅರ್ಧ, ವಿಂಗರ್‌ಗಳ ಅಂಕಿಯಲ್ಲಿ ಇನ್ನರ್ಧ. ಇದಕ್ಕೆ ನನ್ನ ಹಳೆಯ ಊರಿನ ಉದಾಹರಣೆಯನ್ನೇ ಕೊಡುತ್ತೇನೆ, ಅಭಿಮಾನ ಎಂದರೂ ಸರಿ. 2005ರ ನವೆಂಬರ್ 30ರಂದು ಬಾಸ್ಟನ್ ತಂಡ ಜೋ ಥಾರ್ನ್‌ಟನ್ ಅವರನ್ನು ಸ್ಯಾನ್ ಹೊಸೆ ಶಾರ್ಕ್ಸ್‌ಗೆ ಕೊಟ್ಟು ಮೂವರನ್ನು ಪಡೆಯಿತು. ಆ ಸೀಸನ್‌ನಲ್ಲಿ ಎರಡೂ ತಂಡ ಸೇರಿ ಥಾರ್ನ್‌ಟನ್ ಗಳಿಸಿದ್ದು 125 ಪಾಯಿಂಟ್, ಅದರಲ್ಲಿ 96 ಅಸಿಸ್ಟ್. ಲೀಗ್‌ನ ಅತ್ಯಮೂಲ್ಯ ಆಟಗಾರನ ಹಾರ್ಟ್ ಟ್ರೋಫಿಯನ್ನು ನಡು ಸೀಸನ್‌ನಲ್ಲಿ ತಂಡ ಬದಲಿಸಿ ಗೆದ್ದವರು ಅವರೊಬ್ಬರೇ.

ಅವರ ಬಲಕ್ಕೆ ಆಡಿದವರು ಜೊನಾಥನ್ ಚೀಚೂ. ಅದಕ್ಕೂ ಮುಂಚಿನ ಸೀಸನ್‌ನಲ್ಲಿ ಅವರು ಹೊಡೆದಿದ್ದು 28 ಗೋಲು. ಥಾರ್ನ್‌ಟನ್ ಬಂದ ವರ್ಷ 56, ಲೀಗ್‌ಗೇ ಅತಿ ಹೆಚ್ಚು. ಶಾರ್ಕ್ಸ್‌ಗೆ ಬಂದದ್ದು ಒಬ್ಬ, ಸಿಕ್ಕಿದ್ದು ಒಂದೂವರೆ. ವಾಷಿಂಗ್ಟನ್ನಿನಲ್ಲಿ ಆದದ್ದೂ ಇದರ ಸಣ್ಣ ರೂಪವೇ: ಡುಬ್ವಾ ಪಕ್ಕದಲ್ಲಿ ಹೆಚ್ಚಾಗಿ ಆಡಿದ ಟಾಮ್ ವಿಲ್ಸನ್ 33 ಗೋಲು, ಕಾನರ್ ಮೆಕ್‌ಮೈಕಲ್ 26. ಇಬ್ಬರಿಗೂ ಅದು ಅಲ್ಲಿಯವರೆಗಿನ ದೊಡ್ಡ ಸಂಖ್ಯೆ.

ಮಾಡಬೇಕಾದದ್ದು ಇಷ್ಟು: ನ್ಯಾಚುರಲ್ ಸ್ಟಾಟ್ ಟ್ರಿಕ್‌ನಲ್ಲಿ ಒಬ್ಬ ವಿಂಗರ್ ಆ ಸೆಂಟರ್ ಜತೆ ಇದ್ದಾಗ ಮತ್ತು ಇಲ್ಲದಾಗ ತಂಡ ಹೊಡೆದ, ತಿಂದ ಹೊಡೆತಗಳ ಪಾಲು ಎಷ್ಟು ಎಂದು ತೆಗೆಯಿರಿ. ಗುರಿಗೆ ಹೋದದ್ದು, ತಪ್ಪಿದ್ದು, ತಡೆದದ್ದು ಎಲ್ಲ ಸೇರಿಸಿದ ಈ ಲೆಕ್ಕವನ್ನು ಕಾರ್ಸಿ ಎನ್ನುತ್ತಾರೆ. ಜತೆಯಿದ್ದಾಗ ಪಾಲು ಐವತ್ತು ದಾಟಿ, ಬಿಟ್ಟಾಗ ಇಳಿದರೆ ಬಂಡಿ ಎಳೆಯುತ್ತಿರುವ ಎತ್ತು ಯಾವುದು ಎಂದು ಗೊತ್ತಾಯಿತು.

ಹೆಜ್ಜೆ 7: ಅದೃಷ್ಟದ ಪಾಲು ಕಳೆಯಿರಿ

ಫಾರ್ವರ್ಡ್ ಆಟಗಾರರು ಹೊಡೆದ ನೂರು ಹೊಡೆತಕ್ಕೆ ಹತ್ತು-ಹನ್ನೆರಡರ ಆಸುಪಾಸು ಗೋಲಾಗುವುದು ವಾಡಿಕೆ. ಹೊಸ ತಂಡದಲ್ಲಿ ಮೊದಲ 50 ಹೊಡೆತಕ್ಕೆ 10 ಗೋಲು ಬಂದಿದ್ದರೆ ಹಬ್ಬ ಮಾಡಬೇಡಿ, 2 ಬಂದಿದ್ದರೆ ತಿಥಿಯನ್ನೂ ಮಾಡಬೇಡಿ. ಅವನ ಹಳೆಯ ಮೂರು ವರ್ಷದ ಸರಾಸರಿ ತೆಗೆದು ಅದರಿಂದ ಗುಣಿಸಿ, ಎಷ್ಟಿರಬೇಕಿತ್ತು ಎಂದು ಬರೆದುಕೊಳ್ಳಿ. ಅವನಿದ್ದಾಗ ತನ್ನ ಗೋಲಿ ಎಷ್ಟು ತಡೆದ ಎಂಬುದನ್ನೂ ಒಮ್ಮೆ ನೋಡಿ. ಗೋಲಿ ಕೈಕೊಟ್ಟರೆ ಸೆಂಟರ್‌ನ ಪ್ಲಸ್-ಮೈನಸ್ (ಅವನು ಮಂಜಿನ ಮೇಲಿದ್ದಾಗ ತಂಡ ಹೊಡೆದ ಗೋಲಿನಲ್ಲಿ ತಿಂದ ಗೋಲು ಕಳೆದ ಲೆಕ್ಕ) ಕೆಡುತ್ತದೆ, ಅವನ ತಪ್ಪಿರುವುದಿಲ್ಲ.

ತಂಡದ ಸೋಲನ್ನು ಅವನ ತಲೆಗೆ ಕಟ್ಟುವುದೂ ಇದೇ ಜಾತಿಯ ತಪ್ಪು. ಓರೈಲಿ ಬಂದ ವರ್ಷ ಬ್ಲೂಸ್ ನವೆಂಬರ್‌ನಲ್ಲಿ ಕೋಚ್‌ನನ್ನು ಕಳಿಸಿತ್ತು, 2019ರ ಜನವರಿ 3ರ ಬೆಳಿಗ್ಗೆ ಇಡೀ ಲೀಗ್‌ನಲ್ಲಿ ಕೊನೆಯಲ್ಲಿತ್ತು. ಅವತ್ತು ತೀರ್ಪು ಕೊಟ್ಟವರಲ್ಲಿ ನಾನೂ ಒಬ್ಬ. ಓರೈಲಿ ಮಾತ್ರ ತಮ್ಮ ಪಾಡಿಗೆ ಪಾಯಿಂಟ್ ಗಳಿಸುತ್ತಲೇ ಇದ್ದರು. ಸೀಸನ್ ಮುಗಿದಾಗ 77.

ಹೆಜ್ಜೆ 8: ದುಡ್ಡು

ಇಲ್ಲಿ ಪ್ರತಿ ತಂಡಕ್ಕೂ ಸಂಬಳದ ಮಿತಿ ಇದೆ. ಆದ್ದರಿಂದ ‘ದುಬಾರಿ’ ಎಂಬುದನ್ನು ಡಾಲರ್‌ನಲ್ಲಿ ಅಳೆಯಬಾರದು, ಮಿತಿಯ ಶೇಕಡಾವಾರಿನಲ್ಲಿ ಅಳೆಯಬೇಕು. ಡುಬ್ವಾ ಅವರ 85 ಲಕ್ಷ ಡಾಲರ್, 2023-24ರ 8.35 ಕೋಟಿ ಡಾಲರ್ ಮಿತಿಯಲ್ಲಿ ಶೇ 10.2. ಮಿತಿ 8.8 ಕೋಟಿಯಾದ 2024-25ರಲ್ಲಿ ಶೇ 9.7. 9.55 ಕೋಟಿಯಾದ 2025-26ರಲ್ಲಿ ಶೇ 8.9. ಆಟಗಾರ ಏನೂ ಮಾಡದೆಯೇ ಅಗ್ಗವಾಗುತ್ತಿದ್ದಾನೆ. ಹಳೆಯ ತಂಡ ಸಂಬಳದ ಒಂದು ಪಾಲನ್ನು ತಾನೇ ಹೊತ್ತುಕೊಂಡಿದೆಯೇ ಎಂಬುದನ್ನು ಪಕ್‌ಪೀಡಿಯ ತಾಣದಲ್ಲಿ ನೋಡಬಹುದು. ಅರ್ಧದವರೆಗೆ ಹೊರಲು ಅವಕಾಶವಿದೆ. ಡುಬ್ವಾ ವಿಷಯದಲ್ಲಿ ಲಾಸ್ ಏಂಜಲೀಸ್ ಒಂದು ಪೈಸೆಯನ್ನೂ ಹೊರಲಿಲ್ಲ. ಬದಲಿಗೆ ಗೋಲಿ ಡಾರ್ಸಿ ಕೆಂಪರ್ ಒಬ್ಬರನ್ನು ಪಡೆಯಿತು, ಕೆಂಪರ್ ಆ ವರ್ಷ ಶ್ರೇಷ್ಠ ಗೋಲಿ ಪ್ರಶಸ್ತಿಯ ಅಂತಿಮ ಮೂವರಲ್ಲಿ ಒಬ್ಬರಾದರು. ಎರಡೂ ಕಡೆ ಮಣೆ ಸರಿಹೋದ ಅಪರೂಪದ ಟ್ರೇಡ್ ಅದು.

ಹೆಜ್ಜೆ 9: ತೀರ್ಪು ಯಾವಾಗ

ನನ್ನ ಹಾಳೆಯಲ್ಲಿ ನಾಲ್ಕು ದಿನಾಂಕ ಇರುತ್ತವೆ. ಹತ್ತನೆಯ ಪಂದ್ಯ: ಪಾತ್ರ ಏನು ಎಂದು ಮಾತ್ರ ಬರೆಯುವುದು, ಅಂಕ ಕೊಡುವುದಿಲ್ಲ. ಇಪ್ಪತ್ತೈದನೆಯ ಪಂದ್ಯ: ನಿಮಿಷ, ಎದುರಾಳಿ, ನಿಂತ ಕ್ಷಣಗಳು. ಸೀಸನ್ ಅಂತ್ಯ: ಮೊದಲ ಅಭಿಪ್ರಾಯ. ಪೂರ್ತಿ ಬೇಸಿಗೆ ಶಿಬಿರ ಕಳೆದು ಆಡಿದ ಎರಡನೆಯ ಸೀಸನ್‌ನ ಅಂತ್ಯ: ತೀರ್ಪು. ನಡು ಸೀಸನ್‌ನಲ್ಲಿ ಬಂದವನಿಗೆ ಹೊಸ ಪದ್ಧತಿ ಕಲಿಯಲು ಅಭ್ಯಾಸದ ದಿನಗಳೇ ಸಿಗುವುದಿಲ್ಲ. ಮನೆ, ಮಕ್ಕಳ ಶಾಲೆ, ಎಲ್ಲ ಹಳೆಯ ಊರಿನಲ್ಲಿ. ಡುಬ್ವಾ 2021ರಲ್ಲಿ ವಿನಿಪೆಗ್‌ಗೆ ಬಂದಾಗ ಕೋವಿಡ್ ಕಾರಣಕ್ಕೆ ಮೊದಲು ಎರಡು ವಾರ ಕ್ವಾರಂಟೈನ್. ಆ ಮುರುಕು ಸೀಸನ್‌ನ 41 ಪಂದ್ಯದಲ್ಲಿ 20 ಪಾಯಿಂಟ್. ಮರುವರ್ಷ 81 ಪಂದ್ಯದಲ್ಲಿ 28 ಗೋಲು, 60 ಪಾಯಿಂಟ್.

ಗಾಯದಲ್ಲೇ ಟ್ರೇಡ್ ಆದವರಿಗೆ ಇನ್ನೂ ಹೆಚ್ಚು ಕಾಯಬೇಕು. ಜ್ಯಾಕ್ ಐಕಲ್ 2021ರ ನವೆಂಬರ್‌ನಲ್ಲಿ ಬಫಲೋದಿಂದ ವೇಗಸ್‌ಗೆ ಬಂದರು, ಕತ್ತಿನ ಡಿಸ್ಕ್ ಬದಲಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಫೆಬ್ರವರಿಯಲ್ಲಿ ಮಂಜಿಗಿಳಿದರು. ಆ ವರ್ಷ 34 ಪಂದ್ಯದಲ್ಲಿ 25 ಪಾಯಿಂಟ್, ತಂಡ ಮೊದಲ ಬಾರಿಗೆ ಪ್ಲೇಆಫ್ ತಪ್ಪಿಸಿಕೊಂಡಿತು. ಮರುವರ್ಷ ವೇಗಸ್ ಕಪ್ ಗೆದ್ದಾಗ ಪ್ಲೇಆಫ್‌ನಲ್ಲಿ ಎಲ್ಲರಿಗಿಂತ ಹೆಚ್ಚು, 26 ಪಾಯಿಂಟ್, ಅವರದೇ.

ಇನ್ನು ಕೆಲವರಿಗೆ ಎರಡು ವರ್ಷವೂ ಸಾಲದು. ಓರೈಲಿ ಬದಲಿಗೆ ಬಫಲೋಗೆ ಹೋದ ಟೇಜ್ ಥಾಂಪ್ಸನ್ ಆಗ ವಿಂಗರ್. ಮೊದಲ ಸೀಸನ್ 65 ಪಂದ್ಯದಲ್ಲಿ 12 ಪಾಯಿಂಟ್. ಎರಡನೆಯದರಲ್ಲಿ ಗಾಯ, ಎನ್‌ಎಚ್‌ಎಲ್‌ನಲ್ಲಿ ಆಡಿದ್ದು ಒಂದೇ ಪಂದ್ಯ. ನನ್ನ ಹಾಳೆಯ ಲೆಕ್ಕದಲ್ಲಿ ಅಲ್ಲಿಗೆ ತೀರ್ಪು ಮುಗಿದಿತ್ತು. 2021-22ರಲ್ಲಿ ಕೋಚ್ ಡಾನ್ ಗ್ರನಾಟೊ ಆರಡಿ ಆರಿಂಚಿನ ಆ ಹುಡುಗನನ್ನು ನಡುವೆ ಸೆಂಟರ್ ಆಗಿ ನಿಲ್ಲಿಸಿದರು. 38 ಗೋಲು. ಮರುವರ್ಷ 47 ಗೋಲು, 94 ಪಾಯಿಂಟ್. ಅಲ್ಲಿಯವರೆಗೆ ಅವರನ್ನು ತಪ್ಪು ಮಣೆಯಲ್ಲಿ ಕೂರಿಸಿ ಊಟ ಸೇರುತ್ತಿಲ್ಲ ಎಂದು ಎಲ್ಲರೂ ದೂರಿದ್ದೆವು.

2023ರ ಏಪ್ರಿಲ್‌ನಲ್ಲಿ ಗೆಳೆಯನಿಗೆ ಫೋನ್ ಮಾಡಿದೆ. ಥಾಂಪ್ಸನ್‌ನ 94 ನೋಡು, ನನ್ನ ದೋಸೆ ವಾಪಸ್ ಕೊಡು ಎಂದೆ. ಬಫಲೋ ಆ ವರ್ಷವೂ ಒಂದೇ ಒಂದು ಪಾಯಿಂಟ್‌ನಿಂದ ಪ್ಲೇಆಫ್ ತಪ್ಪಿಸಿಕೊಂಡಿತ್ತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅರ್ಧ ದೋಸೆ ಕೊಡುತ್ತೇನೆ, ಪಲ್ಯ ಇರುವ ಭಾಗ ಮಾತ್ರ ಸೇಂಟ್ ಲೂಯಿಸ್‌ದು’ ಎಂದ.